ಗಜನ ತವರು ಹುಡುಕಿಕೊಂಡು ಜಾರ್ಜಿಯಾಕ್ಕೆ

ಜಾರ್ಜಿಯಾಕ್ಕೆ ಹೋಗಿದ್ದೆ ಎಂದರೆ ಜಯನಗರದ ನನ್ನ ವಾಕಿಂಗ್ ಗೆಳತಿಯರು ಕೇಳುವುದು ಎರಡೇ ಪ್ರಶ್ನೆ. ಅದು ಅಮೆರಿಕದಲ್ಲಿದೆಯಾ? ಅಲ್ಲಿ ವೆಜ್ ಸಿಗುತ್ತಾ? ಅಮೆರಿಕದ್ದಲ್ಲ, ರಷ್ಯಾದ ಕೆಳಗೆ, ಟರ್ಕಿಯ ಪಕ್ಕದಲ್ಲಿರುವ ಪುಟ್ಟ ದೇಶ. ವೆಜ್ ಸಿಗುತ್ತದೆ, ರೊಟ್ಟಿ, ಚೀಸು, ಬದನೆಕಾಯಿ. ಯಾಕೆ ಹೋಗಿದ್ದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಈ ವಯಸ್ಸಿನಲ್ಲಿ ದೇಶ ನೋಡಲು ಹೋಗುತ್ತಾರೆ ಎಂದುಕೊಳ್ಳುತ್ತಾರೆ. ಬೆಂಗಳೂರಿನ ಅನುಕೂಲಸ್ಥರು ನಾಯಿ ತರಲು ಪರದೇಶಕ್ಕೆ ಹೋಗುವುದುಂಟು. ನನ್ನ ತಮ್ಮ ನಾಯಿಯನ್ನು ವಾಪಸು ತೆಗೆದುಕೊಳ್ಳಿ ಎಂದು ಕೇಳಲು ಹೋದ. ಇಂಗ್ಲಿಷ್ ಮಾತಾಡುವುದಕ್ಕೆ ಇರಲಿ ಎಂದು ನನ್ನನ್ನೂ ಕರೆದುಕೊಂಡು ಹೋದ.

ಗೊಟ್ಟಿಗೆರೆ, ಹೊರಡುವ ಮುಂಚೆ

ತಮ್ಮನ ಹೆಸರು ನಾಗರಾಜ, ಮನೆಯಲ್ಲಿ ನಾಗ. ಇರುವುದು ನಾವು ಹುಟ್ಟಿದ ಗೊಟ್ಟಿಗೆರೆಯಲ್ಲೇ. ಆಗ ಅದು ಹಳ್ಳಿ. ಅಪ್ಪ ರಾಗಿ, ಹುರುಳಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಗನ ನಾಲ್ಕಂತಸ್ತಿನ ಬಾಡಿಗೆ ಕಟ್ಟಡ ನಿಂತಿದೆ. ಬಾಡಿಗೆಯ ಮೇಲೆ ಬದುಕುವ ಗಂಡಸಿಗೆ ಹೊತ್ತು ಹೋಗಲು ಒಂದು ಹುಚ್ಚು ಬೇಕು. ಕೆಲವರಿಗೆ ಇಸ್ಪೀಟು, ಕೆಲವರಿಗೆ ವಾರ್ಡಿನ ರಾಜಕೀಯ, ನಮ್ಮ ನಾಗನಿಗೆ ನಾಯಿ. ಅದೂ ಊರಲ್ಲಿ ಇನ್ನೊಬ್ಬರ ಹತ್ತಿರ ಇರಬಾರದಂಥ ನಾಯಿ. ಹಿಮದೇಶದ ಹಸ್ಕಿ ತಂದು ಅದಕ್ಕೆ ಎಸಿ ರೂಮು ಮಾಡಿಸಿದ್ದ. ನೀಲಿ ನಾಲಿಗೆಯ ಚೌ ಚೌ ಸಾಕಿದ್ದ. ಬನಶಂಕರಿಯ ನಮ್ಮತ್ತೆ ಅದರ ನಾಲಿಗೆ ನೋಡಿ, ನಾಯಿಗೆ ಯಾರೋ ವಿಷ ಹಾಕಿದ್ದಾರೆ ಎಂದು ಬೀದಿ ಒಂದು ಮಾಡಿದ್ದರು. ಕೊನೆಗೆ ಬಂದದ್ದು ಗಜ. ಕಾಕಸಸ್ ಪರ್ವತದಲ್ಲಿ ಕುರಿ ಕಾಯುವ ತಳಿ, ಕಕೇಶಿಯನ್ ಶೆಫರ್ಡ್. ಕರಡಿಗೂ ಕರುವಿಗೂ ನಡುವಿನ ಗಾತ್ರ. ಬೆಲೆ ನಾನು ಬರೆಯುವುದಿಲ್ಲ, ಸತ್ತ ಅಪ್ಪ ಎದ್ದು ಬಂದಾನು.

ಗಜ ಬಂದ ಮೇಲೆ ನಾಗನಿಗೆ ಹೆಸರು ಬಂತು. ಬನ್ನೇರುಘಟ್ಟ ರಸ್ತೆಯಲ್ಲಿ ಬೇಕರಿ ತೆರೆಯಲಿ, ಜಿಮ್ ತೆರೆಯಲಿ, ಗಜನೇ ಮುಖ್ಯ ಅತಿಥಿ. ತಮಟೆ, ಪಟಾಕಿ, ಸೆಲ್ಫಿ. ಅದರ ಹುಟ್ಟುಹಬ್ಬಕ್ಕೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಬಿತ್ತು. ನಡುವೆ ಗಜ, ಸುತ್ತ ಕೂಲಿಂಗ್ ಗ್ಲಾಸಿನ ಹುಡುಗರು, ಮೂಲೆಯಲ್ಲಿ ಕೈಮುಗಿದು ನಿಂತ ನನ್ನ ತಮ್ಮ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ನಾನು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ನನಗೆ ನಾಯಿಯೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಹೋದ ವರ್ಷ ಆಯುಧಪೂಜೆಯ ದಿನ ಮನೆಮುಂದೆ ಕಾರು, ಬೈಕು, ನೀರಿನ ಮೋಟರು ಎಲ್ಲಕ್ಕೂ ಪೂಜೆಯಾಯಿತು. "ಕಾರಿಗಿಂತ ಕಾಸ್ಟ್ಲಿ ಐಟಂ ಇಲ್ಲೇ ಐತಲ್ಲ ಗುರು" ಎಂದು ಯಾರೋ ನಕ್ಕರು. ಯಾರೆಂದು ಈಗ ಯಾರಿಗೂ ನೆನಪಿಲ್ಲ. ಗಜನನ್ನೂ ಕಾರುಗಳ ಸಾಲಿನಲ್ಲಿ ನಿಲ್ಲಿಸಿದರು. ಹಣೆಗೆ ವಿಭೂತಿ, ಕುಂಕುಮ, ಕತ್ತಿಗೆ ಸೇವಂತಿಗೆ ಹಾರ. ಚಕ್ರದ ಕೆಳಗೆ ಇಡುವ ಹಾಗೆ ಅದರ ಮುಂಗಾಲಿನ ಹತ್ತಿರ ನಿಂಬೆಹಣ್ಣು. ಉರಿಯುವ ಕರ್ಪೂರದ ತಟ್ಟೆ ಮೂಗಿನವರೆಗೂ ಬಂತು. ಆಮೇಲೆ ದೃಷ್ಟಿ ತೆಗೆಯಲೆಂದು ಬೂದಗುಂಬಳಕಾಯಿಯನ್ನು ಅದರ ಕಣ್ಣೆದುರೇ ನೆಲಕ್ಕೆ ಅಪ್ಪಳಿಸಿದರು. ಕಾರು ಸುಮ್ಮನೆ ನಿಲ್ಲುತ್ತದೆ, ನಾಯಿ ನಿಲ್ಲುತ್ತದೆಯೇ? ಸರಪಳಿ ನಾಗನ ಕೈಯಿಂದ ಕಿತ್ತುಕೊಂಡು ಹೋಯಿತು. ಎರಡನೇ ಮಹಡಿಯ ಬಾಡಿಗೆಯವರ ಮಗಳು ಇಂಚರ, ಎಂಟು ವರ್ಷದ ಕೂಸು, ಕಡಲೆಪುರಿಗೆ ಕೈಯೊಡ್ಡಿ ನಿಂತಿದ್ದಳು. ಅವಳ ಕೈ ಅದರ ಬಾಯಿಗೆ ಸಿಕ್ಕಿತು.

ಆ ಬಲಗೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಆಸ್ಪತ್ರೆಯದೆಲ್ಲ ನಾಗನೇ ನೋಡಿಕೊಂಡ, ಅದೇನು ದೊಡ್ಡಸ್ತಿಕೆಯಲ್ಲ. ಗಜ ಕಾರು ನಿಲ್ಲಿಸುವ ಜಾಗದ ಮೂಲೆಯ ಕಬ್ಬಿಣದ ಬೋನಿಗೆ ಹೋಯಿತು. ಅಂದಿನಿಂದ ಇಂಚರಳ ಅಪ್ಪ ಮಹೇಶ ಮಗಳನ್ನು ಬೆನ್ನ ಮೇಲೆ ಹೊತ್ತೇ ಮೆಟ್ಟಿಲಿಳಿಯುತ್ತಿದ್ದ. ಬೋನು ದಾಟುವವರೆಗೆ ಆ ಮಗು ಅಪ್ಪನ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅವನು ಕ್ಯಾಬ್ ಓಡಿಸುವವನು, ಜಗಳಗಂಟನಲ್ಲ. ಒಂದೇ ಮಾತು ಹೇಳಿದ್ದ. "ಸಾರ್, ಇದಕ್ಕೊಂದು ದಾರಿ ಮಾಡಿ."

ಗಜನ ಜೊತೆ ಸೆಲ್ಫಿ ತೆಗೆಸಿಕೊಂಡವರು ಫೋನ್ ಎತ್ತುವುದನ್ನೇ ಬಿಟ್ಟರು. ನಾಯಿಧಾಮದವರು ಕಚ್ಚಿದ ನಾಯಿ ಬೇಡವೆಂದರು. ಬೇಸಿಗೆಯ ಹೊತ್ತಿಗೆ ಗಜ ಬೋನಿನಲ್ಲಿ ಏಳಲು ಕಷ್ಟಪಡುತ್ತಿತ್ತು. ಜೆ.ಪಿ. ನಗರದ ನಾಯಿ ಡಾಕ್ಟರಮ್ಮ ಬಂದು ನೋಡಿ ಹೇಳಿದರು. "ಹಿಂಗಾಲು ಸೋತೋಗಿದೆ ಸಾರ್, ಮತ್ತೆ ಬರಲ್ಲ. ಯಾರು ಹತ್ರ ಬಂದ್ರೂ ನಡುಗತ್ತೆ. ಹಿಂಗೇ ಇಟ್ಕೊಳೋದು ಪಾಪ. ನೋವಿಲ್ದೆ ಹೋಗೋ ಹಾಗೆ ನಾನೇ ಮನೆಗೆ ಬಂದು ಇಂಜೆಕ್ಷನ್ ಕೊಡ್ತೀನಿ. ನೀವು ಪಕ್ಕದಲ್ಲಿರ್ಬೇಕು, ಅಷ್ಟೇ."

"ನನ್ ಕೈಲಾಗಲ್ಲ ಮೇಡಂ. ವ್ಯಾನಲ್ಲಿ ನಿಮ್ ಕ್ಲಿನಿಕ್ಕಿಗೆ ಕಳಿಸಿಬಿಡ್ತೀನಿ."

"ಹಂಗಾದ್ರೆ ನಾನು ಮಾಡಲ್ಲ" ಎಂದು ಅವರು ಬ್ಯಾಗು ತೆಗೆದುಕೊಂಡು ಹೊರಟುಹೋದರು.

ಆ ವಾರ ನಾಗ ಜಯನಗರದ ನನ್ನ ಮನೆಗೆ ಬಂದು ಸೋಫಾದ ತುದಿಯಲ್ಲಿ ಕೂತ. "ಅಕ್ಕಾ, ಅವನನ್ನ ಅವನೂರಿಗೇ ಕಳಿಸಿಬಿಟ್ರೆ? ಅಲ್ಲಿ ತಂಪು, ಬಯಲು, ಕುರಿ. ಬದುಕ್ಕೋತಾನೆ."

"ಯಾರ ಮನೆ ಬಾಗಿಲಿಗೆ ಕಳಿಸ್ತೀಯಾ?"

ಅವನು ಫೋನು ತೆಗೆದು, ನಾಯಿ ಕೊಡಿಸಿದ ದಲ್ಲಾಳಿ ಹಿಂದೆ ಕಳಿಸಿದ್ದ ವಿಡಿಯೋ ತೋರಿಸಿದ. ಉಣ್ಣೆಯ ಟೋಪಿ ಹಾಕಿದ ಮುದುಕನೊಬ್ಬ, ಅವನ ಕಾಲ ಸುತ್ತ ಉಂಡೆಗಳಂಥ ಮರಿಗಳು, ಹಿಂದೆ ಒಂದು ಕಲ್ಲಿನ ಹಳೇ ಗೋಪುರ. "ಇವರನ್ನ ಹುಡುಕಿ ಕೇಳೋಣ. ನೀನು ಬಾ. ಅವರು ಹೂಂ ಅಂದ್ರೆ ಮಿಕ್ಕಿದ್ದು ನಾನು ನೋಡ್ಕೋತೀನಿ."

ಹೆಣ್ಣು ಕೊಟ್ಟ ಮನೆಯಲ್ಲಿ ಕಷ್ಟವಾದರೆ ತವರಿಗೆ ಕಳಿಸಿಬಿಡುವ ಯೋಚನೆಯಂತಿತ್ತು ಅದು. ಹುಚ್ಚುತನವೆಂದು ಗೊತ್ತಿತ್ತು. ಆದರೆ ನಾಗ ತೂಕ ಇಳಿದು, ಗಡ್ಡ ಬಿಟ್ಟು ಕೂತಿದ್ದ. ಹೋದವಳು ನಾನು ತಮ್ಮನಿಗಾಗಿ, ನಾಯಿಗಾಗಿ ಅಲ್ಲ. ನಾವು ಬರುವವರೆಗೆ ಕಾಯಲು ಡಾಕ್ಟರಮ್ಮನೂ ಒಪ್ಪಿದರು.

ಶಾರ್ಜಾ ವಿಮಾನ ನಿಲ್ದಾಣ

ವಿಮಾನ ಬದಲಿಸುವ ನಡುವೆ ಅರ್ಧ ದಿನ ಶಾರ್ಜಾದಲ್ಲಿ ಕೂತೆವು. ಕೂತವರೆಲ್ಲ ನಮ್ಮವರೇ; ಮಲಯಾಳ, ತೆಲುಗು, ಹಿಂದಿ. ಎದುರಿನ ಸಾಲಿನಲ್ಲಿ ಒಬ್ಬರು ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ ನಿಂಬೆಹುಳಿಯ ವಾಸನೆಗೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಕೂತ ಹಾಗಾಯಿತು.

ನಾಗನಿಗೆ ಕೈ ಸುಮ್ಮನಿರದು. ಫೋನಿನಲ್ಲಿ ಲೋಕದ ನಾಯಿಗಳನ್ನೆಲ್ಲ ನನಗೆ ತೋರಿಸತೊಡಗಿದ. ಹಂಗರಿಯದೊಂದು, ಮೈಯೆಲ್ಲ ನೆಲ ಒರೆಸುವ ಮಾಪಿನ ಹಾಗೆ ಜಡೆ. ತೋಳ ಕಚ್ಚಿದರೆ ಹಲ್ಲು ಒಳಗಿಳಿಯಬಾರದೆಂದು ಅಷ್ಟು ಕೂದಲಂತೆ. ನಾರ್ವೆಯದೊಂದಕ್ಕೆ ಕಾಲಿಗೆ ಆರು ಬೆರಳು, ಕಡಲ ಬಂಡೆ ಹತ್ತಿ ಹಕ್ಕಿ ಹಿಡಿಯಲು. ಪೆರುವಿನದಕ್ಕೆ ಕೂದಲೇ ಇಲ್ಲ, ಬರೀ ಕರೀ ಚರ್ಮ. ಚಳಿಯಲ್ಲಿ ಪಕ್ಕ ಮಲಗಿಸಿಕೊಳ್ಳುತ್ತಾರಂತೆ. ಸಹಾರಾದ್ದು ಬಡಕಲು, ಜಿಂಕೆಯಂಥದು. ಟಿಬೆಟ್ಟಿನ ಮ್ಯಾಸ್ಟಿಫ್ಫಿಗೆ ಸಿಂಹದ ಕೇಸರ; ಒಂದು ಕಾಲದಲ್ಲಿ ಶ್ರೀಮಂತರು ಮುಗಿಬಿದ್ದು ಕೊಂಡು, ಶೋಕಿ ತೀರಿದ ಮೇಲೆ ಬೀದಿಗೆ ಬಿಟ್ಟರಂತೆ.

"ಇಷ್ಟೆಲ್ಲ ಗೊತ್ತಿದ್ದೂ ಕುಂಬಳಕಾಯಿ ಒಡೆಸಿದೆಯಲ್ಲೋ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಅಭ್ಯಾಸದಿಂದ ಅವನ ಬೆರಳು ಇನ್ನೊಂದು ಚಿತ್ರ ಸರಿಸಿತು. ಹಾರ ಹಾಕಿಕೊಂಡು ನಿಂತ ಗಜ ಬಂತು. ಫೋನನ್ನು ಮಗುಚಿ ತೊಡೆಯ ಮೇಲೆ ಇಟ್ಟುಕೊಂಡು, ಟಿಬಿಲಿಸಿಯ ವಿಮಾನ ಕರೆಯುವವರೆಗೆ ಗಾಜಿನಾಚೆ ನೋಡುತ್ತ ಕೂತ. ಆಡಿದ ಮಾತಿಗೆ ನನಗೂ ಕೆಡುಕೆನಿಸಿತು.

ಟಿಬಿಲಿಸಿ

ಜಾರ್ಜಿಯಾದ ರಾಜಧಾನಿಯಲ್ಲಿ ನನ್ನ ಇಂಗ್ಲಿಷಿಗೆ ಕವಡೆ ಕಿಮ್ಮತ್ತು ಸಿಗಲಿಲ್ಲ. ಹುಡುಗರು ಅಷ್ಟಿಷ್ಟು ಮಾತಾಡುತ್ತಾರೆ. ನಾವು ಇಳಿದುಕೊಂಡ ಮನೆಯ ಅಜ್ಜಿಗೆ ಬರುತ್ತಿದ್ದುದು ಜಾರ್ಜಿಯನ್, ರಷ್ಯನ್ ಎರಡೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು ಬಿಸಿನೀರು ಬೇಕೆಂದು ಮೂಕಾಭಿನಯ ಮಾಡಿದೆ. ಅಜ್ಜಿ ನಗುತ್ತ ಹೋಗಿ ಇಸ್ತ್ರಿ ಪೆಟ್ಟಿಗೆ ತಂದುಕೊಟ್ಟರು.

ಹಳೇ ಊರು ಚೆಂದ. ಮರದ ಜಗುಲಿಗಳು ಬೀದಿಗೆ ಬಾಗಿ ನಿಂತಿವೆ, ಬಟ್ಟೆ ಒಣಹಾಕಲು ಒಂದು ಮನೆಯಿಂದ ಇನ್ನೊಂದಕ್ಕೆ ಹಗ್ಗ. ಊಟಕ್ಕೆ ತಂದಿಟ್ಟದ್ದು ನಮ್ಮ ಮೋದಕವೇ ಅನ್ನುವಂಥದು, ಜುಟ್ಟು ಸಮೇತ. ಒಳಗೆ ಮಾಂಸ ಮತ್ತು ಸಾರು. ಅವತ್ತು ಶನಿವಾರ, ನಮ್ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ. ಅಣಬೆಯದು ತರಿಸಿಕೊಂಡು ಫೋರ್ಕಿನಿಂದ ಚುಚ್ಚಿದೆ, ಸಾರೆಲ್ಲ ತಟ್ಟೆಗೆ ಹರಿಯಿತು. ಪಕ್ಕದ ಮೇಜಿನ ಗಂಡಸು ಎದ್ದು ಬಂದು, ಜುಟ್ಟು ಹಿಡಿದು ಕಚ್ಚಿ ಹೀರುವುದು ಹೇಗೆಂದು ತೋರಿಸಿಕೊಟ್ಟ, ಜುಟ್ಟು ತಿನ್ನಬಾರದು ಎಂದು ಬೆರಳಾಡಿಸಿ ಗದರಿದ. ಬೇರೆ ದಿನವಾಗಿದ್ದರೆ ನಾಗ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದ. ಅವನು ತಟ್ಟೆಯನ್ನೇ ಮುಟ್ಟಲಿಲ್ಲ.

ಆ ಊರಿನ ಬೀದಿನಾಯಿಗಳು ಬೇರೆ ಥರದವು. ಕಿವಿಗೆ ಬಣ್ಣದ ಪ್ಲಾಸ್ಟಿಕ್ ಬಿಲ್ಲೆ ಚುಚ್ಚಿರುತ್ತಾರೆ, ಚುಚ್ಚುಮದ್ದು ಆಗಿದೆ ಎಂದು ಗುರುತು. ದೊಡ್ಡ ದೊಡ್ಡ ನಾಯಿಗಳು ಅಂಗಡಿಯ ಬಾಗಿಲಿಗೆ ಅಡ್ಡ ಮಲಗಿದರೂ ಗಿರಾಕಿಗಳು ದಾಟಿಕೊಂಡು ಹೋಗುತ್ತಾರೆ. ನಮ್ಮಲ್ಲಾದರೆ ಒಂದೋ ಕಲ್ಲು, ಇಲ್ಲವೇ ಬಿಸ್ಕತ್ತು, ಎರಡೇ. ಒಂದು ಕಂದು ನಾಯಿ ನಮ್ಮ ಜೊತೆಗೇ ರಸ್ತೆ ದಾಟಿ, ಮನೆಯವರೆಗೂ ಬಂದು, ಗೇಟಿನ ಹತ್ತಿರ ನಿಂತು ವಾಪಸು ಹೋಯಿತು. ಬಿಟ್ಟುಬರಲು ಬಂದ ನೆಂಟರ ಹಾಗೆ.

"ಇದರಲ್ಲೂ ಗಜನ ರಕ್ತ ಇರ್ಬೇಕು ಅಲ್ವೇನೋ?" ಎಂದೆ, ಮಾತಾಡಿಸಬೇಕಲ್ಲ ಎಂದು.

"ಕ್ರಾಸು ಅಕ್ಕಾ" ಎಂದ ನಾಗ. ಸ್ವಲ್ಪ ಹೊತ್ತಿನ ಮೇಲೆ, "ಆದ್ರೂ ಯಾರನ್ನೂ ನೋಡಿ ಹೆದರ್ತಿಲ್ಲ, ನೋಡಿದ್ಯಾ?" ಎಂದ.

ಮಾರನೆಯ ದಿನ ಗುಡ್ಡದ ಮೇಲಿನ ಚರ್ಚಿಗೆ ಹೋದೆವು. ಹೆಂಗಸರು ತಲೆ ಮುಚ್ಚಿಕೊಳ್ಳಬೇಕು. ನಮ್ಮ ದೇವಸ್ಥಾನಗಳಲ್ಲಿ ಪಂಚೆ ಇಟ್ಟಿರುವ ಹಾಗೆ ಬಾಗಿಲಲ್ಲಿ ಬುಟ್ಟಿ ತುಂಬ ಬಟ್ಟೆ. ಒಳಗೆ ಕತ್ತಲು, ಮೇಣದ ವಾಸನೆ. ಎಲ್ಲರೂ ಕಡ್ಡಿಯಂಥ ಮೇಣದಬತ್ತಿ ಹಚ್ಚಿ ಮರಳಿನಲ್ಲಿ ಊರುತ್ತಿದ್ದರು. ನಾಗನೂ ಒಂದು ಹಚ್ಚಿದ. ಅವನ ತುಟಿ ಅಲುಗಿತು. ಮಗುವಿನ ಕೈಗೋ ನಾಯಿಯ ಕಾಲಿಗೋ, ಏನು ಬೇಡಿದನೋ ನಾನು ಕೇಳಲಿಲ್ಲ. ನಾನೊಂದು ಹಚ್ಚಿದೆ, ಇಂಚರಳ ಬೆರಳಿಗೆ ಎಂದು.

ಬೆಟ್ಟದ ದಾರಿ

ನಮಗೆ ಸಿಕ್ಕ ಟ್ಯಾಕ್ಸಿ ಡ್ರೈವರು ಗಿಯಾ, ನಲವತ್ತರ ಆಸುಪಾಸಿನವನು. ಪ್ರವಾಸಿಗಳ ಜೊತೆ ಓಡಾಡಿ ಇಂಗ್ಲಿಷ್ ಕಲಿತಿದ್ದ, ಮನೆಯಲ್ಲಿ ಕುರಿ ಸಾಕಿದವರ ಮಗ. ವಿಡಿಯೋವನ್ನು ಎರಡು ಸಲ ನೋಡಿ, "ಈ ಗೋಪುರ ನನಗೆ ಗೊತ್ತು. ಇನ್ನೇನು ರಷ್ಯಾ ಗಡಿ ಅನ್ನುವ ಕಡೆ ಒಂದು ಕಣಿವೆ. ಈ ಮುದುಕ ಸತ್ತಿಲ್ಲ ಅಂದರೆ ಸಿಗ್ತಾನೆ" ಎಂದ. ಅವನಾಡಿದ ಇಂಗ್ಲಿಷನ್ನು ನಾನು ನಾಗನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ.

"ಏನು, ನಾಯಿ ಕೊಳ್ಳಲು ಬಂದಿರಾ?" ಎಂದು ಗಿಯಾ ಕೇಳಿದ. ಕೊಡಲು ಎಂದೆ. ಕನ್ನಡಿಯಲ್ಲಿ ನಮ್ಮಿಬ್ಬರ ಮುಖ ನೋಡಿ, ಕಾರಿನಲ್ಲಿ ಹಾಕಿದ್ದ ಹಾಡು ಸಣ್ಣಗೆ ಮಾಡಿದ.

ಮೇ ತಿಂಗಳು. ಬೆಂಗಳೂರಿನಲ್ಲಿ ಬೋರ್‌ವೆಲ್ಲು ಬತ್ತಿ ಟ್ಯಾಂಕರಿಗೆ ಕಾಯುವ ಕಾಲ. ಇಲ್ಲಿ ಕಣಿವೆಯೆಲ್ಲ ಹಸಿರು, ಮೇಲೆ ಹೋದಂತೆ ಹಿಮ. ಘಾಟಿಯ ತುದಿಯಲ್ಲಿ ಮಳೆಯೂ ಹಿಮವೂ ಕಲಸಿಕೊಂಡು ಬೀಳುತ್ತಿತ್ತು. ಒಂದು ತಿರುವಿನಲ್ಲಿ ದಾರಿ ಪೂರ್ತಿ ಕುರಿಗಳಾದವು. ಬೇಸಿಗೆಗೆ ಮೇಲಿನ ಹುಲ್ಲುಗಾವಲಿಗೆ ಹೊರಟ ಮಂದೆ. ಲಾರಿಗಳೂ ಬಸ್ಸೂ ಹಾರನ್ ಹಾಕದೆ ನಿಂತಿದ್ದವು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಕಂಡವಳಿಗೆ ಆ ಮೌನ ನಂಬಲಾಗಲಿಲ್ಲ.

ಮಂದೆಯ ಎರಡೂ ಬದಿಗೆ ನಾಯಿಗಳು. ಗಜನಂಥವೇ, ಆದರೆ ಸಣಕಲು. ಮೈಗೆ ಕೆಸರು, ಕತ್ತರಿಸಿದ ಕಿವಿ, ಕುತ್ತಿಗೆಗೆ ತೋಳದ ಬಾಯಿಗೆ ಸಿಗಬಾರದೆಂದು ಮುಳ್ಳಿನ ಕಬ್ಬಿಣದ ಪಟ್ಟಿ. ನಾಗ ಬಾಗಿಲು ತೆಗೆದು ಇಳಿದೇಬಿಟ್ಟ. ಆ ದಿನಗಳಲ್ಲಿ ಮೊದಲ ಸಲ ಅವನ ಮುಖದಲ್ಲಿ ಬೆಳಕು ಕಂಡೆ. "ಬಾರೋ, ಬಾ ಬಾ ಬಾ" ಎಂದು ಕನ್ನಡದಲ್ಲಿ ಕರೆದ. ಒಂದು ನಾಯಿ ಅವನಿಗೂ ಕುರಿಗಳಿಗೂ ನಡುವೆ ಬಂದು ನಿಂತಿತು. ಬೊಗಳಲಿಲ್ಲ, ಹಲ್ಲನ್ನಷ್ಟೇ ತೋರಿಸಿತು. ಕುರುಬನೊಬ್ಬ ದೂರದಿಂದ ಕೂಗಿದ. ಗಿಯಾ ಇಳಿದು ನಾಗನ ತೋಳು ಹಿಡಿದು ಎಳೆದು ತಂದು ಕೂರಿಸಿದ.

"ನೋಡಿದ್ಯಾ ಅಕ್ಕಾ? ಹಿಂಗಿರ್ಬೇಕಿತ್ತು ಅವನು" ಎಂದ ನಾಗ.

ಶೋತಾನ ಮನೆ

ಮುದುಕ ಸತ್ತಿರಲಿಲ್ಲ. ಹೆಸರು ಶೋತಾ. ವಿಡಿಯೋದ ಅದೇ ಟೋಪಿ, ಅದೇ ಗೋಪುರದ ಕೆಳಗಿನ ಕಲ್ಲಿನ ಮನೆ. ಹೇಳದೆ ಕೇಳದೆ ಬಂದವರನ್ನು ಯಾಕೆ ಬಂದಿರಿ ಎಂದೂ ಕೇಳದೆ ಮೇಜಿಗೆ ಕೂರಿಸಿದ. ಹೆಂಡತಿ ರೊಟ್ಟಿ, ಚೀಸು, ಹಸಿ ಸೊಪ್ಪು, ಮನೆಯಲ್ಲೇ ಮಾಡಿದ ವೈನು ತಂದಿಟ್ಟಳು. ಅಲ್ಲಿ ಲೋಟ ಎತ್ತಿದವನು ಸುಮ್ಮನೆ ಕುಡಿಯುವಂತಿಲ್ಲ. ಯಜಮಾನ ಒಂದೊಂದು ಸಲ ಒಂದೊಂದಕ್ಕೆ ಹರಸಬೇಕು, ಆಮೇಲೆ ಎಲ್ಲರೂ ಕುಡಿಯಬೇಕು. ಮೊದಲು ದೇವರಿಗೆ, ಆಮೇಲೆ ಬಂದ ನೆಂಟರಿಗೆ. ನಾನು ನೀರಿನ ಲೋಟ ಎತ್ತಿದ್ದಕ್ಕೆ ಆಕೆ ಬೇಜಾರು ಮಾಡಿಕೊಂಡಳು, ನೀರಿನಲ್ಲಿ ಹರಸಬಾರದಂತೆ. ಒಂದು ಗುಟುಕು ಕುಡಿದೆ. ಹುಳಿ.

ಮರಿಗಳ ವಿಷಯ ಶೋತಾನಿಗೆ ನೆನಪಿತ್ತು. ಮಗ ಬಂದು ಊರಿಗೆ ಒಯ್ದನಂತೆ, ಒಳ್ಳೆಯ ಮನೆಗಳಿಗೆ ಕೊಟ್ಟೆ ಎಂದನಂತೆ. ಅದು ಇಂಡಿಯಾ ಎಂದು ಇವನಿಗೆ ಈಗಲೇ ಗೊತ್ತಾದದ್ದು. ನಾಗ ಫೋನು ಕೊಟ್ಟ. ಮುದುಕ ಕನ್ನಡಕ ಹಾಕಿಕೊಂಡು ಗಜನ ಚಿತ್ರಗಳನ್ನು ಒಂದೊಂದಾಗಿ ನೋಡಿದ. ಫ್ಲೆಕ್ಸಿನ ಮುಂದೆ ಗಜ, ಕೇಕಿನ ಮುಂದೆ ಗಜ, ಬೋನಿನಲ್ಲಿ ಗಜ. ಬೋನಿನ ಚಿತ್ರವನ್ನು ಹೆಂಡತಿಗೆ ತೋರಿಸಿದ. ಆಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ನಾಗ ಎದ್ದು ನಿಂತು ಕೈಮುಗಿದ. "ಅಕ್ಕಾ, ಹೇಳು. ಅವನನ್ನ ಇಲ್ಲಿಗೆ ಸೇರಿಸೋ ಜವಾಬ್ದಾರಿ ನಂದು. ಇಟ್ಕೊಳಿ ಅಂತ ಹೇಳು. ಇಲ್ಲಾಂದ್ರೆ ಸಾಯಿಸ್ಬೇಕು ಅಂತ ಹೇಳು."

ನಾನು ಹೇಳಿದೆ, ಗಿಯಾ ಹೇಳಿದ. ಮುದುಕ ರೊಟ್ಟಿಯ ಪುಡಿಯನ್ನು ಬೆರಳಿನಿಂದ ಒಂದು ಕಡೆ ಸೇರಿಸುತ್ತ ಕೂತ. ಆಮೇಲೆ ಮಾತಾಡಿದ, ಗಿಯಾ ತುಣುಕು ತುಣುಕಾಗಿ ಇಂಗ್ಲಿಷ್ ಮಾಡಿದ.

"ನನ್ನ ನಾಯಿಗಳು ಅದನ್ನು ಒಳಗೆ ಬಿಡಲ್ಲ. ಸಂಜೆಯೊಳಗೆ ಕೊಂದುಹಾಕ್ತಾವೆ. ಬಿಟ್ಟವು ಅಂತಲೇ ಇಟ್ಟುಕೊಳ್ಳಿ, ಅದು ಕುರಿ ಕಂಡಿಲ್ಲ. ಕುರಿಗೆ ಅದರ ಭಯ, ಅದಕ್ಕೆ ಕುರಿಯ ಭಯ. ಹಿಂಗಾಲಿಲ್ಲದೆ ಈ ಗುಡ್ಡ ಹತ್ತೋದು ಹೇಗೆ? ಅದಕ್ಕೆ ನಾನು ಯಾರು? ಇಲ್ಲಿ ಅದರವರು ಯಾರೂ ಇಲ್ಲ."

ನಾಗನಿಗೆ ನಾನು ಕನ್ನಡದಲ್ಲಿ ಹೇಳಬೇಕಿತ್ತು. ಅಷ್ಟು ದೂರ ಹೋದದ್ದೇ ಆ ಒಂದು ಉತ್ತರಕ್ಕೆ. ಒಂದು ಕ್ಷಣ ಸುಳ್ಳು ಹೇಳಿಬಿಡೋಣ ಅನ್ನಿಸಿತು. ಆದರೆ ಅವನು ಮುದುಕನ ಮುಖ ನೋಡಿಯೇ ಕೂತುಬಿಟ್ಟಿದ್ದ.

ಮೂರನೆಯ ಸಲ ಲೋಟ ತುಂಬಿದಾಗ ಸತ್ತವರ ಸರದಿ. ಹೆಸರು ಹೇಳಿ, ರೊಟ್ಟಿಯ ಮೇಲೆ ಒಂದಿಷ್ಟು ವೈನು ಚೆಲ್ಲಿ ಕುಡಿಯುತ್ತಾರೆ, ನಾವು ಎಡೆ ಇಡುವ ಹಾಗೆ. ಶೋತಾ ಅಪ್ಪ ಅಮ್ಮನ ಹೆಸರು ಹೇಳಿದ, ತಮ್ಮನ ಹೆಸರು ಹೇಳಿದ. ಆಮೇಲೆ "ಕುರ್ಷಾ" ಎಂದ. ಹೆಂಡತಿ ಚುರುಕಾಗಿ ಏನೋ ಗದರಿದಳು. ಊಟಕ್ಕೆ ಕೂತವರ ಮುಂದೆ ಅದೆಲ್ಲ ಯಾಕೆ ಎಂದಳಂತೆ. ಅವನು ನಿಲ್ಲಿಸಲಿಲ್ಲ.

ಕುರ್ಷಾ ಅವನ ನಾಯಿ. ಒಂದು ಚಳಿಗಾಲದಲ್ಲಿ ಮೊಮ್ಮಗನ ಕೆನ್ನೆ ಕಚ್ಚಿತು. ಮನೆಯವರನ್ನು ಕಚ್ಚಿದ ನಾಯಿಯನ್ನು ಆ ಊರಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಸಾಕಿದವನೇ ಗುಂಡು ಹೊಡೆಯಬೇಕು. ಶೋತಾನಿಗೆ ಕೈ ಬರಲಿಲ್ಲ. ಘಾಟಿಯ ಆಚೆ ಬದಿಯ ಒಬ್ಬ ಕುರುಬನಿಗೆ ಕೊಟ್ಟುಬಂದ. ಎಲ್ಲೋ ಬದುಕಿರಲಿ, ಕಣ್ಣಿಗೆ ಕಾಣದಿದ್ದರೆ ಸಾಕು ಎಂದುಕೊಂಡ. ಹಿಮ ಕರಗುವ ಮುಂಚೆಯೇ ಅದು ಬೆಟ್ಟ ದಾಟಿ ವಾಪಸು ಬಂತು. ಅಂಗಾಲೆಲ್ಲ ಹರಿದುಹೋಗಿತ್ತು.

"ಬಾಗಿಲಲ್ಲಿ ಕೂತು ಬಾಲ ಆಡಿಸ್ತಿತ್ತು" ಎಂದು ಗಿಯಾ ಅನುವಾದಿಸಿದ. "ನನ್ನನ್ನು ನೋಡಿ ಅದಕ್ಕೆ ಅಷ್ಟು ಖುಷಿ. ಅವತ್ತು ಗುಂಡು ಹೊಡೆದೆ. ಮೊದಲೇ ನಾನೇ ಪಕ್ಕದಲ್ಲಿ ಕೂತು ಕಳಿಸಿಕೊಟ್ಟಿದ್ದರೆ, ಅಷ್ಟು ದೂರ ಅದು ಕುಂಟಿಕೊಂಡು ಬರಬೇಕಾಗಿರಲಿಲ್ಲ."

ಮುದುಕ ಮಗುವಿನ ಹಾಗೆ ಅತ್ತ. ಹೆಂಡತಿ ಬೈಯುತ್ತಲೇ ತನ್ನ ಸೆರಗಿನಂಥ ತಲೆವಸ್ತ್ರದಿಂದ ಅವನ ಮೂಗು ಒರೆಸಿದಳು. ನಾಗ ಅಳಲಿಲ್ಲ. ತನ್ನ ರೊಟ್ಟಿಯ ಮೇಲೆ ವೈನು ಚೆಲ್ಲಲು ಹೋಗಿ, ಕೈ ಹಿಂದಕ್ಕೆ ತೆಗೆದುಕೊಂಡ. ಗಜ ಇನ್ನೂ ಬದುಕಿತ್ತಲ್ಲ.

ಹೊರಡುವಾಗ ಆಕೆ ನನ್ನ ಬ್ಯಾಗಿಗೆ ಒಂದು ಚೀಸಿನ ಗಟ್ಟಿ ತುರುಕಿದಳು. ಬರಿಗೈಲಿ ಕಳಿಸಬಾರದು ಎನ್ನುವುದು ಎಲ್ಲ ಊರಲ್ಲೂ ಒಂದೇ.

ವಾಪಸು ದಾರಿ

ಘಾಟಿ ಇಳಿಯುವಾಗ ಮಂಜು ಕವಿದು ಏನೂ ಕಾಣುತ್ತಿರಲಿಲ್ಲ. ಗಿಯಾ ಒಂದು ಕಡೆ ಕಾರು ನಿಲ್ಲಿಸಿ ಹೊರಗೆ ಸಿಗರೇಟು ಹಚ್ಚಿದ. ಆಗ ನಾಗ ಬಾಯಿ ಬಿಟ್ಟ.

"ಅಕ್ಕಾ, ಗಜಂಗೆ ನಾನು ಯಾರು ಅಂತ ಗೊತ್ತಿರತ್ತಾ?"

"ಅದ್ಯಾಕೆ ಹಂಗಂತೀಯಾ? ನೀನೇ ತಾನೆ ಸಾಕಿದ್ದು."

"ಅವತ್ತಿಂದ ಮುಟ್ಟಿಲ್ಲ. ಒಂದ್ಸಲಾನೂ. ಪುಷ್ಪ ಕೋಲಲ್ಲಿ ತಟ್ಟೆ ತಳ್ತಾಳೆ. ನಾನು ಮೇಲಿಂದ ನೋಡ್ತೀನಿ, ಅಷ್ಟೇ. ಹತ್ರ ಹೋದ್ರೆ ಆ ಮಗು ಕೂಗಿದ್ದೇ ಕೇಳ್ಸತ್ತೆ." ಪುಷ್ಪ ಅವನ ಹೆಂಡತಿ. "ನಂಗೆ ಭಯ ಅಕ್ಕಾ. ನನ್ ನಾಯಿ ಕಂಡ್ರೆ ನಂಗೇ ಭಯ."

ಊರಿಗೆಲ್ಲ ಗತ್ತು ತೋರಿಸಿದ ಗಂಡಸು ಹೇಳಿದ ಮಾತು ಇದು. ನನಗೆ ಅವನ ಮೇಲೆ ತಿಂಗಳುಗಟ್ಟಲೆ ಇದ್ದ ಸಿಟ್ಟು ಆ ಮಂಜಿನಲ್ಲಿ ಎಲ್ಲಿ ಹೋಯಿತೋ. ಚಿಕ್ಕವನಿದ್ದಾಗ ಜ್ವರ ಬಂದರೆ ಹಿಡಿದುಕೊಳ್ಳುತ್ತಿದ್ದಂತೆ ಅವನ ಕೈ ಹಿಡಿದುಕೊಂಡು ಕೂತೆ.

ಟಿಬಿಲಿಸಿ ತಲುಪುವ ಮೊದಲೇ ಅವನು ಡಾಕ್ಟರಮ್ಮನಿಗೆ ಫೋನು ಮಾಡಿದ. "ಮೇಡಂ, ನಾವು ಬರ್ತಿದೀವಿ. ನೀವು ಮನೆಗೇ ಬನ್ನಿ. ನಾನಿರ್ತೀನಿ."

ಮತ್ತೆ ಗೊಟ್ಟಿಗೆರೆ

ಪ್ರವಾಸ ಕಥನ ಊರು ತಲುಪಿದ ಕೂಡಲೇ ಮುಗಿಯಬೇಕು. ಇದು ಮುಗಿಯುವುದಿಲ್ಲ, ನಾವು ಹೋದ ಕೆಲಸ ಇಲ್ಲೇ ಬಾಕಿಯಿತ್ತು.

ಭಾನುವಾರ ಬೆಳಗ್ಗೆ. ಮಹೇಶ ಮಗಳನ್ನು ಕರೆದುಕೊಂಡು ತನ್ನ ಅಕ್ಕನ ಮನೆಗೆ ಹೊರಟ. "ಅವಳಿಗೆ ಸಂಜೆ ಹೇಳ್ತೀನಿ ಸಾರ್" ಎಂದ. ಗೇಟಿನ ತನಕ ಹೋದವನು ಮಗಳನ್ನು ಹೊರಗೆ ನಿಲ್ಲಿಸಿ ತಿರುಗಿ ಬಂದು, ನಾಗನ ಭುಜ ಮುಟ್ಟಿ ಹೋದ. ಆ ಸ್ಪರ್ಶಕ್ಕೆ ನಾಗ ಕುಸಿದೇಹೋಗುತ್ತಾನೆ ಎಂದುಕೊಂಡೆ. ಕುಸಿಯಲಿಲ್ಲ.

ಪುಷ್ಪ ಬರೀ ಉಪ್ಪು ಹಾಕಿ ಮಟನ್ ಬೇಯಿಸಿದ್ದಳು. ಅಳುತ್ತಲೇ ಮೂಳೆ ಬಿಡಿಸಿ ಪಾತ್ರೆಗೆ ಹಾಕಿದಳು. ಮೊದಲು ಬಾಯಿಗೆ ಪಟ್ಟಿ ಹಾಕೋಣ ಎಂದು ಡಾಕ್ಟರಮ್ಮ ಹೇಳಿದರು. ಆಮೇಲೆ ನಾಗನ ಕೈಲಿದ್ದ ಪಾತ್ರೆ ನೋಡಿ, "ತಿಂದ್ಮೇಲೆ ಹಾಕೋಣ. ಹುಷಾರು ಸಾರ್, ನಿಧಾನ" ಎಂದರು. ನಾನು ಮೆಟ್ಟಿಲ ಮೇಲೆ, ಎರಡು ಕೈಯಿಂದಲೂ ಕಂಬಿ ಹಿಡಿದು ನಿಂತೆ.

ನಾಗ ಬೋನಿನ ಚಿಲಕ ತೆಗೆದ. ಗಜ ಹಿಂದಿನ ಮೂಲೆಗೆ ಸರಿಯಿತು, ಗಂಟಲಲ್ಲಿ ಗುರುಗುಟ್ಟಿತು. ನಾಗ ನಿಂತುಬಿಟ್ಟ. ಅವನ ಬೆನ್ನು ಬೆವರಿನಿಂದ ಒದ್ದೆಯಾಗುವುದು ನನಗೆ ಕಾಣುತ್ತಿತ್ತು. ಆಮೇಲೆ ಅವನು ಬಗ್ಗಿ ಒಳಗೆ ಹೋಗಿ, ಸಿಮೆಂಟಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿಕೊಂಡ. "ಬಾ ಮಗಾ" ಎಂದ. ಇನ್ನೊಂದು ಸಲ ಹೇಳಿದ.

ಗುರುಗುಟ್ಟುವುದು ನಿಂತಿತು. ಗಜ ಮುಂಗಾಲಿನಲ್ಲಿ ಮೈ ಎಳೆದುಕೊಂಡು ಬಂದು ಅವನ ಅಂಗೈ ಮೂಸಿತು, ಕಂಕುಳು ಮೂಸಿತು. ಆಮೇಲೆ ಅಷ್ಟು ದೊಡ್ಡ ತಲೆಯನ್ನು ಅವನ ಎದೆಗೆ ಒತ್ತಿ ಪೂರ್ತಿ ಭಾರ ಬಿಟ್ಟು ಒರಗಿತು. ಗುರುತಿತ್ತು. ಅಷ್ಟೂ ತಿಂಗಳು ಗುರುತಿತ್ತು. ನನಗೆ ತಡೆಯಲಾಗಲಿಲ್ಲ, ನಾಯಿಯನ್ನು ಕಂಡರಾಗದ ನಾನು ಕಂಬಿಗೆ ಹಣೆ ಹಚ್ಚಿ ಅತ್ತುಬಿಟ್ಟೆ.

ನಾಗ ಒಂದೊಂದೇ ತುಂಡು ಕೈಯಿಂದ ತಿನ್ನಿಸಿದ. ಗಜ ಹಲ್ಲು ತಾಗಿಸದೆ, ತುಟಿಯಿಂದ ಎತ್ತಿಕೊಂಡು ತಿನ್ನುತ್ತಿತ್ತು. ಪಾತ್ರೆಯ ತಳ ಕಾಣತೊಡಗಿತು. ಡಾಕ್ಟರಮ್ಮ ಬ್ಯಾಗಿನಿಂದ ಸಿರಿಂಜು ತೆಗೆದು, ಬೋನಿನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಸಾರ್, ಶುರು ಮಾಡೋಣ್ವಾ?"

"ಒಂದ್ನಿಮಿಷ ಮೇಡಂ, ಇನ್ನೂ ತಿಂತಿದಾನೆ" ಎಂದ ನಾಗ.

ಅವರು ಸರಿ ಎಂದು ಅಲ್ಲೇ ನೆಲದ ಮೇಲೆ ಕೂತರು. ನಾಗ ಉಳಿದ ಮೂರು ನಾಲ್ಕು ತುಂಡುಗಳನ್ನು ಕೈಗೆ ತೆಗೆದುಕೊಂಡು, ಒಂದೊಂದನ್ನೂ ಚಿಕ್ಕದಾಗಿ, ಇನ್ನೂ ಚಿಕ್ಕದಾಗಿ ಹರಿಯತೊಡಗಿದ.